ಹತ್ತು ಪೋಲ್ ಅಂದರೆ ಎರಡೂವರೆ ಗುಂಟೆ: ಅಲಾಟ್‌ಮೆಂಟ್ ಅಳೆಯುವ ಬಗೆ

ಹೋದ ವರ್ಷ ದಾವಣಗೆರೆ ಕಡೆಯ ಗೆಳೆಯರೊಬ್ಬರಿಗೆ ಇಲ್ಲಿನ ಕೌನ್ಸಿಲ್‌ನಿಂದ ಅಲಾಟ್‌ಮೆಂಟ್ ಸಿಕ್ಕಿತು. ಅಲಾಟ್‌ಮೆಂಟ್ ಎಂದರೆ ಇಂಗ್ಲೆಂಡಿನಲ್ಲಿ ಮನೆಮಟ್ಟಿಗೆ ತರಕಾರಿ ಬೆಳೆದುಕೊಳ್ಳಲು ವರ್ಷದ ಬಾಡಿಗೆಗೆ ಕೊಡುವ ಜಾಗ. ಕಾಗದದಲ್ಲಿ ‘5 ಪೋಲ್’ ಎಂದಿತ್ತು. ಪೋಲ್ ಎಂದರೆ ಹದಿನಾರೂವರೆ ಅಡಿ ಎಂದು ಎಲ್ಲೋ ಓದಿದ್ದ ಪುಣ್ಯಾತ್ಮರು ಅದನ್ನು ಐದರಿಂದ ಗುಣಿಸಿ, ಒಂದು ಬದಿಗೆಂದು 83 ಅಡಿ ತಂತಿಬಲೆ ಕತ್ತರಿಸಿಕೊಂಡು ಬಂದರು. ಜಾಗ ಇದ್ದದ್ದು 33 ಅಡಿ ಅಗಲ, 41 ಅಡಿ ಉದ್ದ. ಮಿಕ್ಕ ಬಲೆ ಇವತ್ತಿಗೂ ನನ್ನ ಶೆಡ್ಡಿನ ಮೂಲೆಯಲ್ಲಿ ಬಿದ್ದಿದೆ.

ಇಂಥ ಎಡವಟ್ಟುಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಲೆಕ್ಕದ ಭಾಷೆ

ರಾಡ್, ಪೋಲ್, ಪರ್ಚ್ ಮೂರೂ ಒಂದೇ. ನೆರೆಯ ಪ್ಲಾಟಿನ ಅಜ್ಜ ರಾಡ್ ಎಂದರೆ, ಕೌನ್ಸಿಲ್ ಪೋಲ್ ಎಂದರೆ ಗಾಬರಿಯಾಗಬೇಡಿ. ಉದ್ದಕ್ಕೆ ಹೇಳುವಾಗ ಒಂದು ಪೋಲ್ ಹದಿನಾರೂವರೆ ಅಡಿ. ತೋಟದ ಮಾತು ಬಂದಾಗ ಮಾತ್ರ ‘ಚದರ’ ಎಂಬುದನ್ನು ಬಾಯಲ್ಲೇ ನುಂಗಿಬಿಡುತ್ತಾರೆ. ಹಾಗಾಗಿ ತೋಟದ ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ ಉದ್ದ, ಅಷ್ಟೇ ಅಗಲ: 272.25 ಚದರಡಿ.

ಇದನ್ನು ಚದರ ಮೀಟರಿಗೆ ತಿರುಗಿಸಲು ಹೋಗಬೇಡಿ. ನಮ್ಮ ಗುಂಟೆ ಇದೆಯಲ್ಲ! ಗುಂಟೆ ಎಂದರೆ 33 ಅಡಿಗೆ 33 ಅಡಿ. ಮೂವತ್ಮೂರು ಎಂದರೆ ಎರಡು ಪೋಲ್ ಉದ್ದ. ಅಂದಮೇಲೆ ಒಂದು ಗುಂಟೆಗೆ ಸರಿಯಾಗಿ ನಾಲ್ಕು ಪೋಲ್, ಒಂದು ಚದರಡಿಯೂ ಹೆಚ್ಚುಕಮ್ಮಿ ಇಲ್ಲ. ಎರಡೂ ಒಂದೇ ಬಳ್ಳಿಯ ಕಾಯಿ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರ ಹೊತ್ತಿಗೆ ರೂಢಿಗೆ ತಂದ ಸರಪಳಿ 66 ಅಡಿಯದು, ಅಂದರೆ ನಾಲ್ಕು ಪೋಲ್. ಅದರ ಅರ್ಧ, 33 ಅಡಿಯ ಸರಪಳಿಯನ್ನು ಹದಿನಾರು ಆಣೆಯಾಗಿ ಭಾಗಿಸಿ ನಮ್ಮ ಕಡೆ ಸರ್ವೆಯವರು ಹೊಲ ಅಳೆದರು. ಪಹಣಿಯಲ್ಲಿ ನಾವು ಓದುವ ಎಕರೆ-ಗುಂಟೆ ಅಲ್ಲಿಂದ ಬಂದದ್ದು.

ಇಷ್ಟು ತಿಳಿದರೆ ಉಳಿದದ್ದು ಬಾಯಿಲೆಕ್ಕ. ಹತ್ತು ಪೋಲಿನ ಪೂರ್ತಿ ಪ್ಲಾಟ್ ಎರಡೂವರೆ ಗುಂಟೆ. ಮಂಗಳೂರು-ಉಡುಪಿ ಕಡೆಯವರಿಗೆ ಆರೂಕಾಲು ಸೆಂಟ್ಸ್. ಐದು ಪೋಲಿನ ಅರ್ಧ ಪ್ಲಾಟ್ ಬೆಂಗಳೂರಿನ 30-40 ಸೈಟಿಗಿಂತ ತುಸು ದೊಡ್ಡದು. ಇಲ್ಲಿನ 1922ರ ಕಾಯ್ದೆ ಅಲಾಟ್‌ಮೆಂಟ್ ತೋಟಕ್ಕೆ ಹಾಕಿದ ಮಿತಿ 40 ಪೋಲ್. ಅದು ಹತ್ತು ಗುಂಟೆ, ಕಾಲು ಎಕರೆ.

ಈ ಹದಿನಾರೂವರೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಪೋಲ್ ಎಂದರೆ ಅಳೆಯುವ ಕೋಲು. ಆ ಕೋಲಿನ ಉದ್ದ ಒಂದು ಕಾಲಕ್ಕೆ ಊರಿಗೊಂದು ಥರ ಇತ್ತು. ಜರ್ಮನಿಯ ಯಾಕೋಬ್ ಕೋಬೆಲ್ 16ನೇ ಶತಮಾನದಲ್ಲಿ ಹೇಳಿದ ಉಪಾಯ ನನಗೆ ಬಲು ಇಷ್ಟ: ಭಾನುವಾರ ಚರ್ಚಿನಿಂದ ಹೊರಬರುವ ಹದಿನಾರು ಗಂಡಸರನ್ನು, ಕುಳ್ಳ ಉದ್ದ ನೋಡದೆ ಬಂದ ಹಾಗೇ ನಿಲ್ಲಿಸಿ, ಎಡಪಾದಗಳನ್ನು ಒಂದರ ಹಿಂದೊಂದು ಇಡಿಸಿದರೆ ಅದೇ ಒಂದು ಕೋಲು. ಇಂಗ್ಲೆಂಡಿನಲ್ಲಿ 1593ರ ಮೈಲಿಯ ಕಾಯ್ದೆಯೂ ಹದಿನಾರೂವರೆ ಅಡಿಯ ಪೋಲನ್ನೇ ಹಿಡಿಯಿತು.

2. ಸಾಮಾನು

ನೂರು ಅಡಿಯ ಸ್ಟೀಲ್ ಟೇಪು, ನಾಲ್ಕು ಗೂಟ, ಹಿಗ್ಗದ ಹುರಿ. ಬಟ್ಟೆಯ ಟೇಪು ಬೇಡವೇ ಬೇಡ, ಒದ್ದೆಯಾದರೆ ಮಾತು ಬದಲಿಸುತ್ತದೆ. ನೈಲಾನ್ ಹುರಿ ರಬ್ಬರಿನ ಅಣ್ಣ. ಫೋನಿನ ಜಿಪಿಎಸ್ ಆ್ಯಪ್ ಮೂಲೆಯನ್ನು ಎರಡು-ಮೂರು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಎಕರೆಗಟ್ಟಲೆ ಹೊಲಕ್ಕೆ ಅದು ನಡೆದೀತು, ಎರಡು ಗುಂಟೆಗೆ ನಡೆಯದು. ಜೊತೆಗೊಬ್ಬರು ಬೇಕು. ಒಬ್ಬರೇ ಅಳೆಯಬಹುದು ಎನ್ನುವವರು ಅಳೆದಿರುವುದಿಲ್ಲ.

3. ಮೂಲೆಗೆ ಗೂಟ

ನಡುವಿನ ಕಾಲುದಾರಿ ನಿಮ್ಮ ಪಾಲಿಗೆ ಸೇರಿದೆಯೇ ಎಂದು ಒಪ್ಪಂದದಲ್ಲಿ ನೋಡಿಕೊಂಡು ಗೂಟ ಹೊಡೆಯಿರಿ.

4. ಎಲ್ಲರೂ ಕೆಡಿಸುವ ಹಂತ

ನಾಲ್ಕೂ ಬದಿ ಅಳೆಯುವುದು, ಎದುರುಬದುರಿನ ಬದಿಗಳ ಸರಾಸರಿ ತೆಗೆಯುವುದು, ಎರಡು ಸರಾಸರಿಗಳನ್ನು ಗುಣಿಸುವುದು. ಹತ್ತರಲ್ಲಿ ಒಂಬತ್ತು ಜನ ಮಾಡುವುದು ಇದನ್ನೇ. ಮೂಲೆಗಳು 90 ಡಿಗ್ರಿಯ ಕಾಟಕೋನವಾಗಿದ್ದರೆ ಸರಿ. ಇಲ್ಲವಾದರೆ ಉತ್ತರ ಯಾವಾಗಲೂ ಹೆಚ್ಚೇ ಬರುತ್ತದೆ, ಕಡಿಮೆ ಬರುವುದೇ ಇಲ್ಲ. ಹಳೆಯ ಮಂಚದ ಕಾಲು ಸಡಿಲವಾಗಿ ಒಂದು ಕಡೆಗೆ ವಾಲುವುದನ್ನು ನೋಡಿದ್ದೀರಲ್ಲ, ಪಟ್ಟಿಗಳ ಉದ್ದ ಅಷ್ಟೇ ಇರುತ್ತದೆ, ಒಳಗಿನ ಜಾಗ ಮಾತ್ರ ಕುಗ್ಗುತ್ತದೆ.

ನನ್ನ ಪ್ಲಾಟಿನದೇ ಲೆಕ್ಕ ಹೇಳುತ್ತೇನೆ. ಬದಿಗಳು ಸುತ್ತ ಬಂದಂತೆ 41, 66, 40, 65 ಅಡಿ. ಸರಾಸರಿಯ ದಾರಿ ಹಿಡಿದರೆ ನಲವತ್ತೂವರೆಗೆ ಅರವತ್ತೈದೂವರೆ, ಸುಮಾರು 2,653 ಚದರಡಿ. ಅಂದರೆ 9.74 ಪೋಲ್. ಕಾಗದದಲ್ಲಿ ಹತ್ತು ಎಂದಿತ್ತು, ಹತ್ತಿರವೇ ಬಂತಲ್ಲ ಎಂದು ಎರಡು ವರ್ಷ ಸುಮ್ಮನಿದ್ದೆ.

ಸರಿಯಾದ ದಾರಿ ಹೀಗಿದೆ. ಒಂದು ಮೂಲೆಯಿಂದ ಎದುರು ಮೂಲೆಗೆ ಹುರಿ ಬಿಗಿಯಿರಿ. ಹುರಿ ಗಿಡದ ಮೇಲೆ ಕೂರಬಾರದು, ಮಧ್ಯೆ ಜೋತುಬೀಳಬಾರದು. ನನ್ನಲ್ಲಿ ಈ ಕರ್ಣ 90 ಅಡಿ ಬಂತು. ಈಗ ಜಾಗ ಎರಡು ತ್ರಿಕೋನವಾಯಿತು. ಉಳಿದ ಎರಡು ಮೂಲೆಗಳಿಂದ ಹುರಿಗೆ ಲಂಬ ದೂರ ಬೇಕು. ಇಲ್ಲಿ ಕಣ್ಣಂದಾಜು ನಂಬಬೇಡಿ. ಜೊತೆಯವರು ಟೇಪಿನ ಸೊನ್ನೆಯನ್ನು ಮೂಲೆಯ ಗೂಟಕ್ಕೆ ಒತ್ತಿ ಹಿಡಿಯಲಿ. ನೀವು ಟೇಪನ್ನು ಬಿಗಿಯಾಗಿ ಎಳೆದುಕೊಂಡು ಹುರಿಯ ಗುಂಟ ಎಡಕ್ಕೆ ಬಲಕ್ಕೆ ನಿಧಾನ ಸರಿಯಿರಿ. ಓದು 29, ಇಪ್ಪತ್ತೆಂಟೂವರೆ, 28 ಎಂದು ಇಳಿಯುತ್ತಾ ಬಂದು ಮತ್ತೆ ಏರತೊಡಗುತ್ತದೆ. ತೀರಾ ಕಡಿಮೆ ತೋರಿದ್ದೇ ಲಂಬ. ನನಗೆ ಒಂದು ಕಡೆ 28, ಇನ್ನೊಂದು ಕಡೆ 26 ಸಿಕ್ಕಿತು.

ಸೊನ್ನೆ ಎಲ್ಲಿದೆ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ಕೆಲವು ಟೇಪುಗಳಲ್ಲಿ ಅದು ಬಳೆಯ ಹೊರತುದಿ, ಕೆಲವದರಲ್ಲಿ ಬಳೆ ದಾಟಿ ಒಳಗಿನ ಗೆರೆ. ಹಾಗೇ ನೆಲ ಇಳಿಜಾರಾಗಿದ್ದರೆ ಟೇಪನ್ನು ನೆಲಕ್ಕೆ ಹಾಸಬೇಡಿ. ತಗ್ಗಿನ ಕಡೆ ಎತ್ತಿ ಹಿಡಿದು ಮಟ್ಟಸವಾಗಿ ಓದಿ.

ಎರಡು ಲಂಬ ಕೂಡಿ, ಕರ್ಣದಿಂದ ಗುಣಿಸಿ, ಅರ್ಧ ಮಾಡಿ. 28ಕ್ಕೆ 26 ಸೇರಿ 54. ತೊಂಬತ್ತರಿಂದ ಗುಣಿಸಿ ಅರ್ಧ ಮಾಡಿದರೆ 2,430 ಚದರಡಿ.

ಇನ್ನೊಂದು ಕರ್ಣ ಹಿಡಿದು ಮತ್ತೊಮ್ಮೆ ಅಳೆಯಿರಿ. ಎರಡು ಉತ್ತರ ಹತ್ತಿಪ್ಪತ್ತು ಚದರಡಿಗಿಂತ ಹೆಚ್ಚು ದೂರವಾದರೆ ಗೂಟ ಅಲ್ಲಾಡಿದೆ ಎಂದರ್ಥ. ಚಹಾ ಕುಡಿದು ಮೊದಲಿನಿಂದ ಶುರುಮಾಡಿ.

5. ಭಾಗಾಕಾರ

272.25ರಿಂದ ಭಾಗಿಸಿದರೆ ಪೋಲ್, 1,089ರಿಂದ ಭಾಗಿಸಿದರೆ ಗುಂಟೆ. ನನ್ನದು 8.93 ಪೋಲ್, ಊರಿನ ಲೆಕ್ಕದಲ್ಲಿ 2 ಗುಂಟೆ, ಹತ್ತಿರ ಹತ್ತಿರ ಮೂರೂಮುಕ್ಕಾಲು ಆಣೆ (ಗುಂಟೆಗೆ ಹದಿನಾರು ಆಣೆ). ಅಂತರ್ಜಾಲದ ಪರಿವರ್ತಕದಲ್ಲಿ ‘ಪೋಲ್’ ಒತ್ತಿದರೆ ಬಹಳ ಸಲ ಉದ್ದದ ಪೋಲೇ ಎದುರಾಗುತ್ತದೆ. ಕ್ಯಾಲ್ಕುಲೇಟರ್ ಸಾಕು.

6. ಕೌನ್ಸಿಲ್‌ಗೆ ಪತ್ರ

ಹಲವು ಕಡೆ ಬಾಡಿಗೆ ಇವತ್ತಿಗೂ ಪೋಲಿಗೆ ಇಷ್ಟು ಎಂದೇ ಇದೆ, ಆದ್ದರಿಂದ ಒಂದು ಪೋಲ್ ಹೆಚ್ಚುಕಡಿಮೆಯಾದರೂ ಪ್ರತಿವರ್ಷ ದುಡ್ಡು ಹೋಗುತ್ತದೆ. ಬರೀ ‘ನನ್ನ ಜಾಗ ಕಡಿಮೆ ಇದೆ’ ಎಂದು ಬರೆದರೆ ಉತ್ತರ ಬಾರದು. ನಾನು ಹಾಗೆ ಬರೆದು ಐದು ತಿಂಗಳು ಕಾದೆ. ಒಂದು ಹಾಳೆಯಲ್ಲಿ ನಾಲ್ಕು ಬದಿ, ಕರ್ಣ, ಎರಡು ಲಂಬ ಬರೆದ ಚಿತ್ರ ಕಳಿಸಿದ ಮೇಲೆ ಇಬ್ಬರು ಬಂದರು. ಟೇಪು ಮರೆತು ಬಂದಿದ್ದರು, ನನ್ನದನ್ನೇ ಕೊಟ್ಟೆ. ಈ ವರ್ಷದ ಬಿಲ್ಲಿನಲ್ಲಿ 9 ಪೋಲ್ ಎಂದಿದೆ.