ಮಗುವಿಗೆ ಆಟಿಸಂ ಇದ್ದರೆ ಎಲ್ಲಿಂದ ಶುರು ಮಾಡೋದು?

ಎರಡು ವರ್ಷ ಆಗುತ್ತಾ ಬಂದರೂ ಮಗು ಹೆಸರು ಕೂಗಿದರೆ ತಿರುಗುತ್ತಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿಲ್ಲ ಅಂದರೆ, 'ಗಂಡುಮಕ್ಕಳಿಗೆ ಮಾತು ತಡ' ಅನ್ನೋರ ಮಾತು ಕೇಳಿ ಸುಮ್ನೆ ಕೂರಬೇಡಿ. ಅದು ಆಟಿಸಂನ, ಅಂದರೆ ಮಾತು, ಬೆರೆಯುವಿಕೆ ಬೇರೆ ರೀತಿ ಬೆಳೆಯುವ ಸ್ಥಿತಿಯ, ಲಕ್ಷಣ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೋ ತೋರಿಸಿ.

ಮನೆಯಲ್ಲಿ ಇವತ್ತೇ ಶುರು ಮಾಡಬಹುದು. ಬೆಳಗಿನ ಕೆಲಸಗಳ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ: ಬ್ರಷ್, ಸ್ನಾನ, ತಿಂಡಿ, ಚಪ್ಪಲಿ. ಒಂದೊಂದು ಮುಗಿದ ಹಾಗೆ ಮಗುವಿನ ಕೈಯಲ್ಲೇ ಆ ಚಿತ್ರ ತೆಗೆಸಿ ಡಬ್ಬಕ್ಕೆ ಹಾಕಿಸಿ. ಮುಂದೇನು ಅಂತ ಗೊತ್ತಿದ್ದರೆ ಗಾಬರಿ ಕಡಿಮೆ, ರಂಪಾಟವೂ ಕಡಿಮೆ. ಕುಕ್ಕರ್ ಕೂಗಿದಾಗ ಕಿವಿ ಮುಚ್ಚಿಕೊಂಡು ಕಿರುಚಿದರೆ ಅದು ಹಟ ಅಲ್ಲ, ಆ ಸದ್ದು ಅದಕ್ಕೆ ನಿಜವಾಗಿ ಹಿಂಸೆ. ಮೊದಲೇ ಹೇಳಿ, ಆಚೆ ಕೋಣೆಗೆ ಕರೆದುಕೊಂಡು ಹೋಗಿ. ಬೈದು ಪ್ರಯೋಜನ ಇಲ್ಲ.

ಇನ್ನು ದುಡ್ಡು. ಥೆರಪಿ ಖರ್ಚು ಜಾಸ್ತಿ, ಅಲ್ವಾ? ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿ; 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಆಮೇಲೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಅದರೊಳಗೆ ಥೆರಪಿಗೂ ಒಂದು ಪಾಲಿದೆ. ದುಡ್ಡು ವಾಪಸ್ ಬರೋದು ಬಿಲ್ ಕೊಟ್ಟ ಮೇಲೆ, ಹಾಗಾಗಿ ಒಂದು ಚೀಟಿಯನ್ನೂ ಬಿಸಾಡಬೇಡಿ.

ಇಂಥ ಮಕ್ಕಳಿಗೆ ಥೆರಪಿ ಕೊಡುವ, ಬೆಂಗಳೂರಿನ ಕಾಂ ಡೀಲ್ ಟ್ರಸ್ಟ್‌ನಂಥ ಸೇವಾ ಸಂಸ್ಥೆಗಳಿಗೆ ಹೋದಾಗ ಶುಲ್ಕದಲ್ಲಿ ರಿಯಾಯಿತಿ ಇದೆಯಾ, ಅಪ್ಪ-ಅಮ್ಮನಿಗೂ ತರಬೇತಿ ಕೊಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ನನ್ನ ಪ್ರಕಾರ ಎರಡನೇ ಪ್ರಶ್ನೆಯೇ ಮುಖ್ಯ, ಯಾಕೆಂದರೆ ಥೆರಪಿ ವಾರಕ್ಕೆ ಕೆಲವು ಗಂಟೆ, ಮಿಕ್ಕ ಹೊತ್ತೆಲ್ಲ ಮಗು ನಿಮ್ಮ ಜೊತೆಗೇ ಇರುತ್ತದೆ. 'ಪೂರ್ತಿ ವಾಸಿ ಮಾಡ್ತೀವಿ' ಅನ್ನೋ ಜಾಹೀರಾತು ಕಂಡರೆ ಅತ್ತ ತಲೆ ಹಾಕಬೇಡಿ.