ಮಗಳು ಒಬ್ಬಳೇ ಸಿಟಿ ಬಸ್ ಹತ್ತಿದ್ದು: ನನ್ನ ಅನುಭವ

ನಮ್ಮ ಮಗಳು ಈಗ ಏಳನೇ ಕ್ಲಾಸು. ಪ್ರತಿ ಶನಿವಾರ ಮಧ್ಯಾಹ್ನ ಕುವೆಂಪುನಗರದಲ್ಲಿ ಸಿಟಿ ಬಸ್ ಹತ್ತುತ್ತಾಳೆ. ಮೈಸೂರಿನ ನಗರ ಬಸ್ ನಿಲ್ದಾಣದಲ್ಲಿ ಇಳಿದು, ಜಗನ್ಮೋಹನ ಅರಮನೆ ಹತ್ತಿರದ ಚಿತ್ರಕಲೆ ಕ್ಲಾಸಿಗೆ ನಡೆದುಕೊಂಡು ಹೋಗುತ್ತಾಳೆ. ಸಂಜೆ ಅದೇ ರೀತಿ ವಾಪಸ್. ಇದನ್ನು ಹೇಳಿದಾಗಲೆಲ್ಲ ಬೇರೆ ಅಪ್ಪ ಅಮ್ಮಂದಿರು ಕೇಳುವುದು ಒಂದೇ ಮಾತು: "ಒಬ್ಬಳನ್ನೇ ಹೇಗೆ ಕಳಿಸ್ತೀರಿ?" ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಬಸ್ಸಿನಿಂದಲ್ಲ. ಐದನೇ ಕ್ಲಾಸಿನ ಹೊತ್ತಿಗೆ ಒಂದು ವಿಷಯ ನನ್ನನ್ನು ಕಾಡತೊಡಗಿತ್ತು. ಹುಡುಗಿ ಚೂಟಿ, ಓದಿನಲ್ಲಿ ಮುಂದು, ಮನೆಯಲ್ಲಿ ಬಾಯಿ ಜೋರು. ಆದರೆ ಅಂಗಡಿ ಮುಂದೆ ನಿಂತರೆ ನನ್ನ ಸೆರಗು ಹಿಡಿದು "ನೀನೇ ಕೇಳಮ್ಮ" ಅನ್ನುತ್ತಿದ್ದಳು. ಹೋಟೆಲಿನಲ್ಲಿ ಇನ್ನೊಂದು ಲೋಟ ನೀರು ಬೇಕಾದರೂ ನಾನೇ ಕೇಳಬೇಕು. ಯೋಚಿಸಿ ನೋಡಿದರೆ ಆಶ್ಚರ್ಯ ಏನಿಲ್ಲ. ಶಾಲೆಗೆ ವ್ಯಾನು, ಕ್ಲಾಸಿಗೆ ಅಪ್ಪನ ಸ್ಕೂಟರು, ಆಟಕ್ಕೆ ಪಕ್ಕದ ಪಾರ್ಕು, ಅಲ್ಲೂ ಬೆಂಚಿನ ಮೇಲೆ ಒಬ್ಬರು ದೊಡ್ಡವರು. ಗೊತ್ತಿಲ್ಲದವರ ಹತ್ತಿರ ಮಾತಾಡುವ ಅಗತ್ಯವೇ ಅವಳಿಗೆ ಬಂದಿರಲಿಲ್ಲ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಲೆಕ್ಕ ತೆಗೆದಿದ್ದಾರೆ. 1971ರಲ್ಲಿ ಅಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು 9ಕ್ಕೆ ಇಳಿದಿತ್ತು. ಓದಿದಾಗ ನನ್ನ ಬಾಲ್ಯವೇ ಕಣ್ಣ ಮುಂದೆ ಬಂತು. ಮೂರನೇ ಕ್ಲಾಸಿನಿಂದ ನಾವು ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಸೇರಿ ನಡೆದೇ ಹೋಗುತ್ತಿದ್ದೆವು. ದಾರಿಯಲ್ಲಿ ಜಗಳ, ರಾಜಿ, ನಾಯಿ ಕಂಡರೆ ಏನು ಮಾಡಬೇಕು, ಮಳೆ ಬಂದರೆ ಯಾರ ಮನೆ ಜಗಲಿಯಲ್ಲಿ ನಿಲ್ಲಬೇಕು, ಎಲ್ಲ ನಮ್ಮದೇ ತೀರ್ಮಾನ. ಆ ದಾರಿ ಮಗಳಿಗೆ ಸಿಗಲಿಲ್ಲ. ಹಾಗಾಗಿ ಒಂದು ದಾರಿಯನ್ನು ನಾವೇ ಹುಡುಕಿ ಕೊಡಬೇಕಿತ್ತು.

ಮೊದಲು ಅಂಗಡಿ. ರಸ್ತೆ ದಾಟಬೇಕಾಗದ ಅಂಗಡಿಯಿಂದ ಹಾಲು, ಕೊತ್ತಂಬರಿ ಸೊಪ್ಪು. ಚೀಟಿ ಬರೆದು ಕೊಡುತ್ತಿರಲಿಲ್ಲ, ಬಾಯಲ್ಲೇ ಕೇಳಬೇಕು. ಆಮೇಲೆ ರಸ್ತೆ ದಾಟಿ ಹೋಗುವ ಮೆಡಿಕಲ್ ಸ್ಟೋರು. ಇದು ಆರಾಮಾಗಿ ಆಯಿತು, ಜಾಸ್ತಿ ಹೇಳುವಂಥದ್ದೇನಿಲ್ಲ.

ಬಸ್ಸಿನ ಕೆಲಸ ನಿಧಾನ. ಆರಂಭದಲ್ಲಿ ನಾನೂ ಅವಳೂ ಜೊತೆಗೇ ಹೋದೆವು. ಆದರೆ ನಾನು ಪ್ರಯಾಣಿಕಳು, ಅವಳು ಕರೆದುಕೊಂಡು ಹೋಗುವವಳು. ಯಾವ ಬಸ್ಸು, ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಎಲ್ಲ ಅವಳು ಹೇಳಬೇಕು. ಬರೀ ನಂಬರ್ ನೋಡಿ ಹತ್ತಬಾರದು, ಒಂದೇ ನಂಬರಿನ ಮುಂದೆ ಎ, ಬಿ ಅಂತ ಅಕ್ಷರ ಸೇರಿದರೆ ದಾರಿಯೇ ಬೇರೆ ಆಗಬಹುದು. ಬೋರ್ಡು ಪೂರ್ತಿ ಓದಬೇಕು, ಹತ್ತುವ ಮುಂಚೆ ಕಂಡಕ್ಟರ್ ಹತ್ತಿರ ಒಂದು ಸಲ ಕೇಳಬೇಕು. ಬಸ್ಸು ಪೂರ್ತಿ ನಿಂತ ಮೇಲೇ ಇಳಿಯಬೇಕು. ಇಳಿದ ಮೇಲೆ ಬಸ್ಸಿನ ಮುಂದಿನಿಂದ ರಸ್ತೆ ದಾಟಲೇಬಾರದು. ಬಸ್ಸು ಹೋಗಲಿ, ಎರಡೂ ಕಡೆ ಕಾಣಲಿ, ಆಮೇಲೆ ದಾಟು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಅಪರಿಚಿತರ ಭಯವನ್ನೇ ದೊಡ್ಡದು ಮಾಡಿಕೊಂಡು ಕೂರುತ್ತೇವೆ, ರಸ್ತೆಯನ್ನು ಮರೆಯುತ್ತೇವೆ.

ಟಿಕೆಟ್ ವಿಷಯ ಸುಲಭ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಆಧಾರ್ ತೋರಿಸಿದರೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಆದರೆ ಆ ಟಿಕೆಟನ್ನು ಕೇಳಿ ತೆಗೆದುಕೊಂಡು, ಇಳಿಯುವವರೆಗೂ ಇಟ್ಟುಕೊಳ್ಳಬೇಕು. ದುಡ್ಡಿಲ್ಲ ಅಂತ ಎಸೆಯುವ ಹಾಗಿಲ್ಲ. ಅವಳ ಆಧಾರ್‌ನಲ್ಲಿರುವುದು ಐದನೇ ವಯಸ್ಸಿನ ಫೋಟೋ. "ಇದು ನೀನೇನಾ?" ಅಂತ ಒಬ್ಬ ಕಂಡಕ್ಟರ್ ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿ ಕಡೆ ತಿರುಗಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ "ನಾನೇ ಅಂಕಲ್, ಅದು ಯುಕೆಜಿಯಲ್ಲಿ ತೆಗೆದಿದ್ದು" ಅಂದಳು. ಅವರು ನಕ್ಕು ಟಿಕೆಟ್ ಕೊಟ್ಟರು. ಉತ್ತರ ನನ್ನ ಬಾಯ ತುದಿಯಲ್ಲೇ ಇತ್ತು. ತಡೆದುಕೊಂಡಿದ್ದೇ ಒಳ್ಳೆಯದಾಯಿತು.

ಆಮೇಲೆ ಅವಳು ಮುಂದಿನ ಸೀಟು, ನಾನು ಹಿಂದಿನ ಸೀಟು. ಗುರುತಿಲ್ಲದವರ ಹಾಗೆ. ಕೊನೆಗೆ ಅವಳು ಬಸ್ಸಿನಲ್ಲಿ, ಅವರಪ್ಪ ಸ್ಕೂಟರಿನಲ್ಲಿ ಹಿಂದೆ.

ಈ ನಡುವೆ ಮನೆಯಲ್ಲಿ ಮಾಡಿದ ಒಂದು ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೂಕುನುಗ್ಗಲಿನ ಬಸ್ಸಿನಲ್ಲಿ ಏನೇನಾಗುತ್ತದೆ ಅಂತ ಹೆಂಗಸರಿಗೆಲ್ಲ ಗೊತ್ತು. ಮೈಗೆ ತಾಗಿಕೊಂಡು ನಿಲ್ಲುವವರು, ಬೇಕಂತಲೇ ಕೈ ತಗಲಿಸುವವರು ಇರುತ್ತಾರೆ. ಮಗಳಿಗೆ ಇದನ್ನು ಹೇಳದೇ ಕಳಿಸುವ ಮಾತೇ ಇರಲಿಲ್ಲ. ಹೇಳಿದೆ, ಸುತ್ತಿ ಬಳಸದೆ ಹೇಳಿದೆ. ಕೇಳಿಸಿಕೊಂಡಳು, ತಲೆಯಾಡಿಸಿದಳು. ಆದರೆ ತಲೆಯಾಡಿಸಿದ ಮಾತ್ರಕ್ಕೆ ಬಸ್ಸಿನಲ್ಲಿ ಬಾಯಿ ಬರುತ್ತದಾ? ಹಾಗಾಗಿ ಹಾಲ್‌ನಲ್ಲಿ ನಿಂತು ಅಭ್ಯಾಸ ಮಾಡಿದೆವು. ನಾನು ಪಕ್ಕಕ್ಕೆ ಬಂದು ಒತ್ತಿಕೊಂಡು ನಿಲ್ಲುತ್ತಿದ್ದೆ. ಅವಳು ಜೋರಾಗಿ "ದೂರ ನಿಂತ್ಕೊಳಿ!" ಅನ್ನಬೇಕು.

ಮೊದಲ ದಿನ ಧ್ವನಿಯೇ ಬರಲಿಲ್ಲ. ತುಟಿ ಅಲ್ಲಾಡಿತು ಅಷ್ಟೆ. "ಸ್ವಲ್ಪ ದೂರ ನಿಂತ್ಕೊಳ್ತೀರಾ, ಪ್ಲೀಸ್" ಅಂತ ಮೆಲ್ಲಗೆ ಬಂತು. ನಾನು ಹೇಳಿದೆ, "ಪ್ಲೀಸ್ ಬೇಡ ಕಣೇ. ಸ್ವಲ್ಪ ಅನ್ನೋದೂ ಬೇಡ." ದೊಡ್ಡವರಿಗೆ ಮರ್ಯಾದೆ ಕೊಡು, ಎದುರು ಮಾತಾಡಬೇಡ ಅಂತ ನಾವೇ ಕಲಿಸಿರುತ್ತೇವೆ. ಅದನ್ನು ಯಾವಾಗ ಬದಿಗಿಡಬೇಕು ಅನ್ನುವುದನ್ನೂ ನಾವೇ ಕಲಿಸಬೇಕು ಅಲ್ವಾ? ಅವರಪ್ಪನನ್ನೂ ನಿಲ್ಲಿಸಿದೆವು. ಅಪ್ಪನ ಮೇಲೆ ಕೂಗಲು ಅವಳಿಗೆ ಇನ್ನೂ ಕಷ್ಟ ಆಯಿತು. ದಿನಾ ಊಟಕ್ಕೆ ಮುಂಚೆ ಒಂದೆರಡು ಸಲ ಕೂಗಿ ಕೂಗಿ, ಒಂದು ದಿನ ಅವಳ ಕೂಗಿಗೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು. ಅವತ್ತು ನನಗೆ ಸಮಾಧಾನ ಆಯಿತು.

ಕೂಗಿದ ಮೇಲೆ ಸೀದಾ ಕಂಡಕ್ಟರ್ ಹತ್ತಿರ ಹೋಗಬೇಕು, ಅಥವಾ ಹತ್ತಿರದ ಹೆಂಗಸರ ಪಕ್ಕ ನಿಲ್ಲಬೇಕು. ಮನೆಗೆ ಬಂದು ಹೇಳಬೇಕು. ಹೇಳಿದ್ದಕ್ಕೆ ಬಸ್ಸಿನಲ್ಲಿ ಕಳಿಸುವುದನ್ನು ನಿಲ್ಲಿಸುವುದಿಲ್ಲ ಅಂತ ನಾನು ಮಾತು ಕೊಟ್ಟಿದ್ದೇನೆ. ಈ ಮಾತು ಬಹಳ ಮುಖ್ಯ. ಹೇಳಿದರೆ ಹೊರಗೆ ಹೋಗುವುದೇ ತಪ್ಪುತ್ತದೆ ಅನ್ನುವ ಭಯಕ್ಕೇ ಎಷ್ಟೋ ಹುಡುಗಿಯರು ಬಾಯಿ ಮುಚ್ಚಿಕೊಂಡಿರುತ್ತಾರೆ. 18 ತುಂಬದವರನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸಲು 2012ರಿಂದ ಪೋಕ್ಸೊ ಕಾಯ್ದೆ ಇದೆ, ತಪ್ಪು ಮಾಡಿದವನಿಗೆ ಶಿಕ್ಷೆ, ನಿನಗಲ್ಲ ಅಂತ ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ.

ಫೋನ್ ಕೊಟ್ಟಿಲ್ಲ. ನನ್ನ ನಂಬರು, ಅವರಪ್ಪನ ನಂಬರು ಬಾಯಿಪಾಠ. ಜೊತೆಗೆ ಮಕ್ಕಳ ಸಹಾಯವಾಣಿ 1098 ಮತ್ತು ತುರ್ತಿಗೆ 112. ಚೀಲದ ಒಳಜೇಬಿನಲ್ಲಿ ನೂರು ರೂಪಾಯಿ, ಅದು ಆಟೋಗೆ ಮಾತ್ರ. ದಾರಿ ತಪ್ಪಿದರೆ ರಸ್ತೆಯಲ್ಲಿ ಸುಮ್ನೆ ನಿಂತವರನ್ನು ಕೇಳಬಾರದು, ಅಂಗಡಿಯವರನ್ನು ಕೇಳಬೇಕು, ಇಲ್ಲವೇ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುವ ಹೆಂಗಸರನ್ನು. ಅಂಗಡಿಯವರು ಎಲ್ಲೂ ಹೋಗುವುದಿಲ್ಲ, ಅವರಿಗೆ ಏರಿಯಾ ಗೊತ್ತಿರುತ್ತದೆ, ಅಲ್ಲಿ ನಾಲ್ಕು ಜನ ಇರುತ್ತಾರೆ.

ನಮ್ಮ ಅತ್ತೆಗೆ ಇದು ಸುತರಾಂ ಇಷ್ಟ ಇರಲಿಲ್ಲ. "ಹೆಣ್ಣು ಮಗು ಕಣಮ್ಮ, ಕಾಲ ಸರಿ ಇಲ್ಲ" ಅನ್ನುತ್ತಿದ್ದರು. ಅವರ ಭಯ ಸುಳ್ಳಲ್ಲ, ವಾದ ಮಾಡಿ ಗೆಲ್ಲುವ ವಿಷಯವೂ ಅಲ್ಲ. ಅವರು ಕಣ್ಣಾರೆ ನೋಡಲಿ ಅನಿಸಿತು. ಒಂದು ಭಾನುವಾರ ಮಗಳಿಗೆ ಹೇಳಿದೆ, "ಅಜ್ಜೀನ ಚಾಮುಂಡಿ ಬೆಟ್ಟಕ್ಕೆ ಕರ್ಕೊಂಡು ಹೋಗಿ ಬಾ." ಮನೆಯಿಂದ ಬಸ್ ನಿಲ್ದಾಣ, ಅಲ್ಲಿಂದ 201. ಅಜ್ಜಿ ಮೊಮ್ಮಗಳು ಇಬ್ಬರಿಗೂ ಶೂನ್ಯ ಟಿಕೆಟ್. ಬೆಟ್ಟದ ಬಸ್ಸಿನಲ್ಲಿ ರಶ್ಶು. ಮಗಳು ಸೀಟಿನಲ್ಲಿ ಕೂತಿದ್ದ ಒಬ್ಬ ಹುಡುಗನ ಹತ್ತಿರ ಹೋಗಿ "ಅಣ್ಣ, ನಮ್ಮಜ್ಜಿಗೆ ಮಂಡಿ ನೋವು, ಸೀಟ್ ಬಿಡ್ತೀರಾ?" ಅಂತ ಕೇಳಿ ಕೂರಿಸಿದಳಂತೆ. ಒಂದು ಲೋಟ ನೀರು ಕೇಳಲು ಹಿಂಜರಿಯುತ್ತಿದ್ದ ಹುಡುಗಿ! ಅತ್ತೆ ಮನೆಗೆ ಬಂದವರೇ ಮೂರು ಜನಕ್ಕೆ ಫೋನ್ ಮಾಡಿ ಇದನ್ನೇ ಹೇಳಿದರು. ಶನಿವಾರದ ವಿಷಯಕ್ಕೆ ಆಮೇಲೆ ತಕರಾರು ಮಾಡಲಿಲ್ಲ. ದೇವರ ದೀಪ ಮಾತ್ರ ಸ್ವಲ್ಪ ಬೇಗ ಹಚ್ಚುತ್ತಾರೆ.

ಒಬ್ಬಳೇ ಹೋಗಲು ಶುರು ಮಾಡಿದ ಮೇಲೆ ನನ್ನ ಪಾಲಿಗೆ ಉಳಿದ ಕೆಲಸ ಮನೆಯಲ್ಲಿ ಇರುವುದು. ಇದು ಸುಲಭ ಅಂತ ಯಾರೂ ಅಂದುಕೊಳ್ಳಬೇಡಿ. ಕ್ಲಾಸಿನವರಿಗೆ ಫೋನ್ ಮಾಡಿ "ಬಂದ್ಲಾ?" ಅಂತ ಕೇಳಬಾರದು ಅಂತ ನಾನು ನಿಯಮ ಹಾಕಿಕೊಂಡೆ. ಕ್ಲಾಸು ಶುರುವಾಗಿ ಹತ್ತು ನಿಮಿಷದಲ್ಲಿ ತಲುಪಲಿಲ್ಲ ಅಂದರೆ ಅವರೇ ಫೋನ್ ಮಾಡುತ್ತಾರೆ, ಅಷ್ಟು ಮಾತಾಗಿತ್ತು. ಆ ಹೊತ್ತಿಗೆ ಬಟ್ಟೆ ಮಡಚುವ ಕೆಲಸ ಇಟ್ಟುಕೊಂಡೆ. ಕೈಗೆ ಕೆಲಸ ಇದ್ದರೆ ಮನಸ್ಸು ಅಷ್ಟು ಅಲೆಯುವುದಿಲ್ಲ.

ವಾಪಸ್ ಬಂದಾಗ ಏನು ಕೇಳುತ್ತೇವೆ ಅನ್ನುವುದೂ ಮುಖ್ಯ. "ಏನೂ ತೊಂದರೆ ಆಗ್ಲಿಲ್ಲ ತಾನೇ?" ಅಂತ ಕೇಳಿದರೆ "ಇಲ್ಲ" ಅಂತ ಒಂದೇ ಮಾತಲ್ಲಿ ಮುಗಿಯುತ್ತದೆ. ಜೊತೆಗೆ, ಹೊರಗೆ ಹೋದರೆ ತೊಂದರೆ ಆಗುವುದೇ ಲೆಕ್ಕ ಅಂತ ಅವಳೂ ಕಲಿಯುತ್ತಾಳೆ. "ಇವತ್ತು ಬಸ್ಸಲ್ಲಿ ಯಾರಿದ್ರು?" ಅಂತ ಕೇಳಿ ನೋಡಿ. ಮಲ್ಲಿಗೆ ಬುಟ್ಟಿ ಇಟ್ಟುಕೊಂಡ ಅಜ್ಜಿ, ಬಸ್ ಹೊರಟ ಮೇಲೆ ಓಡಿ ಬಂದವರು, ನಿದ್ದೆ ಮಾಡಿ ಸ್ಟಾಪ್ ತಪ್ಪಿಸಿಕೊಂಡವರು, ಎಲ್ಲ ಬರುತ್ತಾರೆ. ಹೇಳಬೇಕಾದ ಕಷ್ಟದ ವಿಷಯ ಇದ್ದರೆ ಅದೂ ಆ ಮಾತಿನ ನಡುವೆಯೇ ಬರುತ್ತದೆ. ಹಾಗೆ ಒಂದು ಸಂಜೆ ಬಂತು ಕೂಡ. ಒಬ್ಬ ಮೇಲೆ ಬೀಳುವ ಹಾಗೆ ನಿಂತಿದ್ದನಂತೆ, ಇವಳು ಕೂಗಿದಳಂತೆ, ಕಂಡಕ್ಟರ್ ಅವನನ್ನು ಹಿಂದಕ್ಕೆ ಕಳಿಸಿದರಂತೆ. ಹೇಳುವಾಗ ಕೈ ನಡುಗುತ್ತಿತ್ತು. ಪಕ್ಕ ಕೂರಿಸಿಕೊಂಡು ಕೇಳಿದೆ. ಮುಂದಿನ ಶನಿವಾರ ಹೋಗುತ್ತೀಯಾ, ಅಪ್ಪ ಜೊತೆಗೆ ಬರಲಾ ಅಂದೆ. ಎರಡು ದಿನ ಯೋಚಿಸಿ, "ಹೋಗ್ತೀನಿ, ಆದ್ರೆ ಡ್ರೈವರ್ ಹಿಂದಿನ ಸೀಟಲ್ಲೇ ಕೂರ್ತೀನಿ" ಅಂದಳು. ಆ ಸೀಟು ಖಾಲಿ ಇಲ್ಲದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಾಳೆ. ಅದು ಅವಳ ಪರಿಹಾರ. ನನಗೆ ಹೊಳೆದಿರಲಿಲ್ಲ.

ದಸರಾ ಸಮಯದಲ್ಲಿ ಅರಮನೆ ಸುತ್ತ ಏಕಮುಖ ಸಂಚಾರ ಮಾಡುತ್ತಾರೆ, ಬಸ್ಸುಗಳ ದಾರಿ ಬದಲಾಗುತ್ತದೆ. ಅಂಥ ಒಂದು ಶನಿವಾರ ಇವಳ ಬಸ್ಸು ನಿಲ್ದಾಣದವರೆಗೆ ಹೋಗಲೇ ಇಲ್ಲ. ರಾಮಸ್ವಾಮಿ ವೃತ್ತದ ಹತ್ತಿರ ಎಲ್ಲರನ್ನೂ ಇಳಿಸಿದರು. ಸ್ಕೂಟರಿನಲ್ಲಿ ನೂರಾರು ಸಲ ದಾಟಿದ ಜಾಗ, ಆದರೆ ಕಾಲಿಟ್ಟು ನಡೆದ ಜಾಗ ಅಲ್ಲ. ಒಂದು ಕಾಂಡಿಮೆಂಟ್ಸ್ ಅಂಗಡಿಗೆ ಹೋಗಿ ದಾರಿ ಕೇಳಿದಳು. ಅಂಗಡಿಯವರು "ಆಟೋ ಹಿಡಿದು ಕೊಡ್ಲಾ ಪುಟ್ಟಿ?" ಅಂದರಂತೆ. "ಬೇಡ ಅಂಕಲ್, ನಡೀತೀನಿ. ನಿಮ್ ಫೋನಿಂದ ಅಮ್ಮಂಗೆ ಒಂದು ಕಾಲ್ ಮಾಡ್ಲಾ?" ಅಂದಳು. ನನಗೆ ಗೊತ್ತಿಲ್ಲದ ನಂಬರಿನಿಂದ ಕರೆ. "ಅಮ್ಮ, ಬಸ್ಸು ಬೇರೆ ಕಡೆ ನಿಲ್ಲಿಸಿದ್ರು. ನಾನು ನಡ್ಕೊಂಡು ಹೋಗ್ತಿದ್ದೀನಿ. ಲೇಟಾಗುತ್ತೆ, ಕ್ಲಾಸಿಗೆ ನೀನು ಹೇಳ್ಬಿಡು." ಇಷ್ಟೇ. ಕೇಳಿದ್ದು ಸಹಾಯವನ್ನಲ್ಲ, ತಿಳಿಸಿದ್ದು ಸುದ್ದಿ. ಆ ಕರೆ ಮುಗಿದ ಮೇಲೆ ನಾನು ಸ್ವಲ್ಪ ಹೊತ್ತು ಅತ್ತೆ. ಭಯಕ್ಕಲ್ಲ, ಖುಷಿಗೆ.

ಎಲ್ಲ ಮಕ್ಕಳಿಗೂ ಹನ್ನೆರಡಕ್ಕೇ ಆಗಬೇಕು ಅಂತಿಲ್ಲ. ಕೆಲವರಿಗೆ ಮುಂಚೆ, ಕೆಲವರಿಗೆ ತಡ. ಊರು, ರಸ್ತೆ, ಮಗುವಿನ ಸ್ವಭಾವ ನೋಡಬೇಕು. ನಾವು ಕತ್ತಲಾದ ಮೇಲೆ ಕಳಿಸುವುದಿಲ್ಲ, ಗೊತ್ತಿಲ್ಲದ ಹೊಸ ಜಾಗಕ್ಕೂ ಕಳಿಸುವುದಿಲ್ಲ. ಆದರೆ ಸಿದ್ಧ ಮಾಡದೆ ಹದಿನೆಂಟಾಗುವವರೆಗೆ ಕಾದು, ಒಂದೇ ಸಲ ದೂರದ ಊರಿನ ಹಾಸ್ಟೆಲಿಗೆ ಬಿಟ್ಟು ಬರುವುದು ಮಕ್ಕಳಿಗೆ ಮಾಡುವ ಅನ್ಯಾಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ಮಗನ ಸರದಿ. ಅವನಿಗೆ ಹತ್ತು ವರ್ಷ, ಅರ್ಧ ಟಿಕೆಟ್. ಶೂನ್ಯ ಟಿಕೆಟ್ ಇಲ್ಲದ್ದರಿಂದ ಅವನಿಗೆ ದುಡ್ಡಿನ ಪಾಠವೂ ಇದೆ. ಮೊನ್ನೆ ಐವತ್ತರ ನೋಟು ಕೊಟ್ಟ. ಕಂಡಕ್ಟರ್ ಹತ್ತಿರ ಚಿಲ್ಲರೆ ಇರಲಿಲ್ಲ, ಬಾಕಿಯನ್ನು ಟಿಕೆಟ್ ಹಿಂದೆ ಬರೆದು ಕೊಟ್ಟರು. ಅವನು ಆ ಟಿಕೆಟನ್ನು ಮುಷ್ಟಿಯಲ್ಲಿ ಹಿಡಿದು, ದಾರಿಯುದ್ದಕ್ಕೂ ಕಂಡಕ್ಟರನ್ನೇ ನೋಡುತ್ತಿದ್ದ. ಇಳಿಯುವ ಎರಡು ಸ್ಟಾಪ್ ಮುಂಚೆಯೇ ಎದ್ದು ಹೋಗಿ ಕೇಳಿ ಈಸಿಕೊಂಡ. ಬೆವರಿಗೆ ಟಿಕೆಟಿನ ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿತ್ತು, ಆದರೂ ಎಷ್ಟು ಬರಬೇಕು ಅಂತ ಅವನಿಗೆ ನೆನಪಿತ್ತು.

ಮುಂದಿನ ತಿಂಗಳಿಂದ ಅಕ್ಕನ ಜೊತೆ ಅವನೂ ಶನಿವಾರದ ಕ್ಲಾಸಿಗೆ ಹೊರಡುತ್ತಾನೆ. ಅವನ ಟಿಕೆಟ್ ಅವನೇ ತೆಗೆದುಕೊಳ್ಳಬೇಕು, ಅವನ ಚೀಲ ಅವನೇ ನೋಡಿಕೊಳ್ಳಬೇಕು ಅಂತ ಇಬ್ಬರನ್ನೂ ಕೂರಿಸಿ ಹೇಳಿದೆ. ಮಗಳು ಕೇಳಿದಳು, "ಅವ್ನು ಇಳಿಯೋದು ಮರೆತ್ರೆ?"

"ಒಂದು ಸ್ಟಾಪ್ ಮುಂದೆ ಹೋಗ್ಲಿ. ಆಮೇಲೆ ಹೇಳು. ಇಬ್ರೂ ನಡ್ಕೊಂಡು ವಾಪಸ್ ಬನ್ನಿ."

"ನಾನ್ಯಾಕಮ್ಮ ನಡೀಬೇಕು?" ಅಂತ ಅವಳು. "ನಾನು ಮರೆಯಲ್ಲ" ಅಂತ ಅವನು.