ನಿಮ್ಮ ಊರಿನ ಪೊಲೀಸರು ಯಾರು? ಬೇ ಏರಿಯಾಗೆ ಹೊಸದಾಗಿ ಬಂದವರಿಗೆ ಶೆರಿಫ್ ವಿಷಯ

ಯುಗಾದಿ ಮುಗಿದ ಮೇಲೆ ಹಾಸನದ ಕಡೆಯ ಒಂದು ಜೋಡಿ ಕ್ಯಾಲಿಫೋರ್ನಿಯಾದ ಕುಪರ್ಟಿನೊಗೆ ಮನೆ ಬದಲಾಯಿಸಿದರು. ಎರಡನೇ ವಾರಕ್ಕೇ ಆ ಹುಡುಗಿ ಫೋನ್ ಮಾಡಿದಳು. "ಅಕ್ಕಾ, ಕಾರಿನ ಗಾಜು ಒಡೆದು ಬ್ಯಾಗ್ ಎತ್ಕೊಂಡು ಹೋಗಿದ್ದಾರೆ. ಕುಪರ್ಟಿನೊ ಪೊಲೀಸ್ ಅಂತ ಎಷ್ಟು ಹುಡುಕಿದರೂ ಸಿಗ್ತಾ ಇಲ್ಲ. ಸ್ಟೇಷನ್ ಎಲ್ಲಿದೆ?"

ಸಿಗುವುದಿಲ್ಲ. ಕುಪರ್ಟಿನೊಗೆ ಸ್ವಂತ ಪೊಲೀಸ್ ಇಲಾಖೆಯೇ ಇಲ್ಲ. 60 ಸಾವಿರ ಜನ ಇರುವ ಊರು, ಆಪಲ್ ಕಂಪನಿಯ ಮುಖ್ಯ ಕಚೇರಿ ಇರುವ ಊರು, ಆದರೂ ಅಲ್ಲಿ ಗಸ್ತು ತಿರುಗುವವರು ಸಾಂಟಾ ಕ್ಲಾರಾ ಕೌಂಟಿ ಶೆರಿಫ್ ಕೈಕೆಳಗಿನ ಡೆಪ್ಯುಟಿಗಳು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ. ಊರು ಕೌಂಟಿಗೆ ದುಡ್ಡು ಕೊಡುತ್ತದೆ, ಶೆರಿಫ್ ಪೊಲೀಸರನ್ನು ಕೊಡುತ್ತಾರೆ. ಹೋಮ್‌ಸ್ಟೆಡ್ ರಸ್ತೆ ದಾಟಿ ಸನಿವೇಲ್‌ಗೆ ಹೋದರೆ ವ್ಯವಸ್ಥೆಯೇ ಬೇರೆ. ಅಲ್ಲಿ 1950ರಿಂದ ಪೊಲೀಸ್ ಕೆಲಸ, ಬೆಂಕಿ ಆರಿಸುವ ಕೆಲಸ ಎರಡಕ್ಕೂ ಒಂದೇ ಇಲಾಖೆ, ಎರಡೂ ಕಲಿತ ಅದೇ ಜನ. ಇದನ್ನೆಲ್ಲ ನಮಗೆ ಬಂದ ಹೊಸದರಲ್ಲಿ ಯಾರೂ ಹೇಳಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಸಣ್ಣ ಊರಿನ ಬಜೆಟ್ ಬಿಗಿಯಾದಾಗ "ನಮ್ಮ ಪೊಲೀಸ್ ಇಲಾಖೆ ಮುಚ್ಚಿ ಶೆರಿಫ್‌ಗೆ ಕೊಟ್ಟುಬಿಡೋಣ" ಅನ್ನುವ ಮಾತು ಬಂದೇ ಬರುತ್ತದೆ, ಆ ದಿನ ನಿಮಗೂ ಒಂದು ಅಭಿಪ್ರಾಯ ಇರಬೇಕು.

ಮೊದಲು ಶೆರಿಫ್ ಅಂದರೆ ಯಾರು ಅಂತ ನೋಡೋಣ. ಊರಲ್ಲಿ ನಮಗೆ ಎಸ್‌ಪಿ ಗೊತ್ತು, ಕಮಿಷನರ್ ಗೊತ್ತು. ಅವರು ಸರ್ಕಾರ ನೇಮಿಸಿದ ಐಪಿಎಸ್ ಅಧಿಕಾರಿಗಳು, ಪೊಲೀಸ್ ಅನ್ನುವುದು ಪೂರ್ತಿ ರಾಜ್ಯದ ಕೈಲಿರುವ ವಿಷಯ. ನಗರಸಭೆಗೂ ಠಾಣೆಗೂ ಸಂಬಂಧ ಇಲ್ಲ. ಮುಂಬೈ ಶೆರಿಫ್ ಅಂತ ಪೇಪರಿನಲ್ಲಿ ಓದಿರುತ್ತೀರಿ, ಅದು ಬರೀ ಗೌರವದ ಹುದ್ದೆ. ಕ್ಯಾಲಿಫೋರ್ನಿಯಾದ ಶೆರಿಫ್ ಹಾಗಲ್ಲ. ಇಡೀ ಕೌಂಟಿಯ ಜನ ವೋಟು ಹಾಕಿ ಆರಿಸುತ್ತಾರೆ. ಕೌಂಟಿ ಜೈಲು ನಡೆಸುವುದು ಅವರು, ಕೋರ್ಟಿಗೆ ಕಾವಲು ಕೊಡುವುದು ಅವರು, ಯಾವ ಸಿಟಿಗೂ ಸೇರದ ಜಾಗಗಳಲ್ಲಿ ಪೊಲೀಸ್ ಕೆಲಸ ಮಾಡುವುದೂ ಅವರೇ. ಸಿಟಿಯ ಪೊಲೀಸ್ ಚೀಫ್ ಹಾಗಲ್ಲ, ಸಾಮಾನ್ಯವಾಗಿ ಅವರನ್ನು ನೇಮಿಸುವುದು ಸಿಟಿ. ಕೆಲಸ ಸರಿ ಇಲ್ಲ ಅಂದರೆ ತೆಗೆಯುವುದೂ ಸಿಟಿಯೇ. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಸಿಟಿಗಳು ಶೆರಿಫ್‌ಗೆ ಗುತ್ತಿಗೆ ಕೊಡುವುದು ಹೊಸ ಪದ್ಧತಿ ಅಲ್ಲ. 1954ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಲೇಕ್‌ವುಡ್ ಅನ್ನುವ ಊರು ಸ್ವಂತ ಆಡಳಿತದ ಸಿಟಿ ಆಯಿತು. ಪೊಲೀಸ್ ಸೇರಿದಂತೆ ಹೆಚ್ಚಿನ ಕೆಲಸಗಳನ್ನು ತಾನು ಮಾಡುವ ಬದಲು ಕೌಂಟಿಗೇ ಗುತ್ತಿಗೆ ಕೊಟ್ಟಿತು. ಅದನ್ನು ನೋಡಿ ಉಳಿದ ಊರುಗಳೂ ಹಾಗೇ ಮಾಡಿದವು. ಈಗ ಲಾಸ್ ಏಂಜಲೀಸ್ ಕೌಂಟಿಯ 88 ಸಿಟಿಗಳಲ್ಲಿ 42ಕ್ಕೆ ಶೆರಿಫ್ ಪೊಲೀಸರೇ ಗತಿ. ನಮ್ಮ ಕಡೆ ಕುಪರ್ಟಿನೊ ಸಿಟಿ ಆದದ್ದು 1955ರಲ್ಲಿ, ಸರಟೋಗ ಮತ್ತು ಲಾಸ್ ಆಲ್ಟೋಸ್ ಹಿಲ್ಸ್ 1956ರಲ್ಲಿ. ಮೂರೂ ಇವತ್ತಿಗೂ ಶೆರಿಫ್ ಜೊತೆಗೇ ಇವೆ.

ಇದ್ದ ಇಲಾಖೆಯನ್ನು ಮುಚ್ಚುವುದು ಬೇರೆ ಕಥೆ. 2008ರ ಆರ್ಥಿಕ ಕುಸಿತ ಆದ ಮೇಲೆ ಸ್ಯಾನ್ ಮಟೇಯೊ ಕೌಂಟಿಯಲ್ಲಿ ಅದು ಸಾಲಾಗಿ ನಡೆಯಿತು. 2010ರಲ್ಲಿ ಸ್ಯಾನ್ ಕಾರ್ಲೋಸ್, 2011ರಲ್ಲಿ ಹಾಫ್ ಮೂನ್ ಬೇ, 2012ರಲ್ಲಿ ಮಿಲ್‌ಬ್ರೇ. ಮೂರೂ ತಮ್ಮ ಪೊಲೀಸ್ ಇಲಾಖೆ ಮುಚ್ಚಿ ಶೆರಿಫ್ ಕಡೆ ಹೋದವು.

ಯಾಕೆ ಹೋಗುತ್ತಾರೆ? ಲೆಕ್ಕ ಸುಲಭ. ವಾರಕ್ಕೆ 168 ಗಂಟೆ, ಒಬ್ಬರು ದುಡಿಯುವುದು 40 ಗಂಟೆ. ಅಲ್ಲಿಗೇ ನಾಲ್ಕು ಜನ ಸಾಲುವುದಿಲ್ಲ. ರಜೆ, ಟ್ರೇನಿಂಗ್, ಕೋರ್ಟಿಗೆ ಸಾಕ್ಷಿ ಹೇಳಲು ಹೋಗುವ ದಿನ ಎಲ್ಲ ಸೇರಿಸಿದರೆ ಒಂದೇ ಒಂದು ಗಸ್ತು ಕಾರು ಹಗಲೂ ರಾತ್ರಿ ಓಡಬೇಕಾದರೆ ಐದು ಜನರ ಸಂಬಳ ಬೇಕು. ಮೂರು ಕಾರು ಅಂದರೆ ಹದಿನೈದು ಜನ. ಅದರ ಮೇಲೆ ಸಾರ್ಜೆಂಟ್, ಪತ್ತೇದಾರರು, ಚೀಫ್, ಫೋನ್ ಎತ್ತುವವರು, ರೇಡಿಯೊ, ವಶಪಡಿಸಿಕೊಂಡ ಸಾಮಾನು ಇಡುವ ಕೋಣೆ, ವಕೀಲರ ಖರ್ಚು. 30 ಸಾವಿರ ಜನರ ಊರಿಗೆ ಇದು ನಿಜವಾಗಲೂ ಭಾರ. ಕೌಂಟಿಗೆ ಇದೆಲ್ಲ ಮೊದಲೇ ಇದೆ, ಖರ್ಚು ಹತ್ತು ಕಡೆ ಹಂಚಿಹೋಗುತ್ತದೆ. ಕೊಲೆ ತನಿಖೆಯಂಥ ಅಪರೂಪದ, ಕಷ್ಟದ ಕೆಲಸಕ್ಕೆ ಪಳಗಿದವರು ಅಲ್ಲೇ ಸಿಗುತ್ತಾರೆ. ಇದು ಸಣ್ಣ ಲಾಭ ಅಲ್ಲ.

ಆದರೆ ಈ ಉಳಿತಾಯದ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ. ಇಲಾಖೆ ಮುಚ್ಚಿದರೂ ಅಲ್ಲಿಯವರೆಗೆ ದುಡಿದವರ ಪೆನ್ಷನ್ ಬಾಕಿ ಸಿಟಿಯ ತಲೆ ಮೇಲೇ ಉಳಿಯುತ್ತದೆ. ಮೀಟಿಂಗಿನಲ್ಲಿ ತೋರಿಸುವ ಪಟ್ಟಿಯಲ್ಲಿ ಇದು ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅಲ್ಲಿಗೆ ಬೆರಳಿಟ್ಟು ಕೇಳಿ. ಇನ್ನೊಂದು, ಡೆಪ್ಯುಟಿಗಳ ಸಂಬಳ ಎಷ್ಟು ಏರಬೇಕು ಅಂತ ತೀರ್ಮಾನ ಮಾಡುವುದು ಕೌಂಟಿ ಮತ್ತು ಅವರ ಯೂನಿಯನ್. ಬಿಲ್ ಬರುವುದು ಊರಿಗೆ. ಮೊದಲ ವರ್ಷದ ರೇಟು ನೋಡಿ ಖುಷಿಪಟ್ಟರೆ ಆಗಲ್ಲ, ಹತ್ತನೇ ವರ್ಷಕ್ಕೆ ಎಷ್ಟು ಅಂತ ಕೇಳಬೇಕು.

ದುಡ್ಡಿನ ಆಚೆಗೂ ಒಂದು ವಿಷಯ ಇದೆ, ಅದು ನನಗೆ ಸ್ವಂತ ಅನುಭವಕ್ಕೆ ಬಂದಾಗಲೇ ಅರ್ಥ ಆದದ್ದು. ಹಲವು ವರ್ಷದ ಹಿಂದೆ, ನಾವು ಆಗ ಇದ್ದ ಊರಿನ ಹೆಸರು ಬೇಡ, ಶೆರಿಫ್‌ಗೆ ಗುತ್ತಿಗೆ ಕೊಟ್ಟಿದ್ದ ಸಣ್ಣ ಊರು. ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ಮಧ್ಯಾಹ್ನ ಹಿತ್ತಲ ಬಾಗಿಲ ಗಾಜು ಒಡೆದು ಒಳಗೆ ಬಂದಿದ್ದರು. ಹಬ್ಬಕ್ಕೆ ಬ್ಯಾಂಕ್ ಲಾಕರಿನಿಂದ ತಂದಿದ್ದ ಒಡವೆ ವಾಪಸ್ ಇಟ್ಟಿರಲಿಲ್ಲ. ನಮ್ಮಜ್ಜಿಯ ಕಾಸಿನ ಸರ, ಎರಡು ಜೊತೆ ಬಳೆ ಹೋದವು. ಬಂದ ಡೆಪ್ಯುಟಿ ಒಳ್ಳೆಯ ಹುಡುಗ. ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೂವರೆ ಗಂಟೆ ನಿಧಾನವಾಗಿ ಬರೆದುಕೊಂಡ. ಕಾಸಿನ ಸರ ಅಂದರೆ ಏನು ಅಂತ ಹೇಳಲು ಆಗದೆ ನಾನು ಮದುವೆ ಆಲ್ಬಮ್ ತಂದೆ. ಅವನು ಪುಟ ತಿರುಗಿಸಿ, ಅಜ್ಜಿ ನನ್ನ ಪಕ್ಕ ನಿಂತ ಫೋಟೊ ಸಿಕ್ಕಾಗ, ಸರದ ಕಾಸುಗಳನ್ನು ಬೆರಳಲ್ಲಿ ಎಣಿಸಿ ಫೋಟೊದ ಫೋಟೊ ತೆಗೆದುಕೊಂಡ. ತೂಕ ಕೇಳಿದ. ಗ್ರಾಂ ಲೆಕ್ಕ ನನಗೆ ಬಾಯಿಗೆ ಬರಲಿಲ್ಲ, ಮೈಸೂರಿಗೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಆಗ ಬೆಳಗಿನ ಜಾವ. ಅಮ್ಮ ನಿದ್ದೆಗಣ್ಣಲ್ಲೇ "ನಾಲ್ಕು ತೊಲ" ಅಂದರು, ಆಮೇಲೆ ಅತ್ತರು.

ಮೂರು ತಿಂಗಳಾದ ಮೇಲೆ ವಿಚಾರಿಸಲು ಫೋನ್ ಮಾಡಿದರೆ ಆ ಹುಡುಗನಿಗೆ ಜೈಲಿನ ಕಡೆ ಡ್ಯೂಟಿ ಹಾಕಿದ್ದರು. ಹೊಸಬರಿಗೆ ನಮ್ಮ ಬೀದಿಯೇ ಗೊತ್ತಿರಲಿಲ್ಲ. ಮೊದಲಿಂದ ಎಲ್ಲ ಹೇಳಿದೆ, ಕಾಸಿನ ಸರ ಅಂದರೆ ಏನು ಅನ್ನುವುದೂ ಸೇರಿ. ಅದಾದ ಮೇಲೆ ಇನ್ನೊಬ್ಬರು ಬಂದರು. ಒಬ್ಬರೂ ಒರಟಾಗಿ ಮಾತಾಡಲಿಲ್ಲ, ಬೇಕಂತ ಯಾರೂ ತಪ್ಪು ಮಾಡಲಿಲ್ಲ. ದೊಡ್ಡ ಇಲಾಖೆಯಲ್ಲಿ ಜನರನ್ನು ಜೈಲು, ಕೋರ್ಟು, ಗಸ್ತು ಅಂತ ತಿರುಗಿಸುತ್ತಲೇ ಇರುತ್ತಾರೆ. ಅದೇ ಸ್ವಂತ ಪೊಲೀಸ್ ಇರುವ ಸಣ್ಣ ಊರಲ್ಲಿ ಬೀಟ್‌ನವರಿಗೆ ಯಾವ ಮನೆಯಲ್ಲಿ ವಯಸ್ಸಾದ ಅಜ್ಜ ಒಬ್ಬರೇ ಇದ್ದಾರೆ, ದೀಪಾವಳಿ ರಾತ್ರಿ ಯಾವ ಬೀದಿಯಲ್ಲಿ ಕಾರು ಜಾಸ್ತಿ ನಿಲ್ಲುತ್ತವೆ ಅನ್ನುವುದೂ ತಿಳಿದಿರುತ್ತದೆ. ನಮ್ಮಂಥ ಹೊರಗಿನಿಂದ ಬಂದವರಿಗೆ ಈ ಪರಿಚಯವೇ ದೊಡ್ಡ ಧೈರ್ಯ.

ಮೇಲೆ ಹೇಳಿದೆನಲ್ಲ, ಶೆರಿಫ್‌ರನ್ನು ಸಿಟಿ ತೆಗೆಯಲು ಆಗಲ್ಲ ಅಂತ. ಸ್ಯಾನ್ ಮಟೇಯೊ ಕೌಂಟಿಯಲ್ಲಿ ಅದು ಎಲ್ಲರ ಕಣ್ಣೆದುರು ನಡೆಯಿತು. ಶೆರಿಫ್ ಮೇಲೆ ಆರೋಪ ಬಂತು, ನಿವೃತ್ತ ಜಡ್ಜ್ ಒಬ್ಬರ ತನಿಖಾ ವರದಿ 2024ರ ನವೆಂಬರಿನಲ್ಲಿ ಹೊರಬಿತ್ತು. ರಾಜೀನಾಮೆ ಕೊಡಿ ಅಂತ ಕೌಂಟಿ ಆಡಳಿತ ಮಂಡಳಿಯ ಸದಸ್ಯರಾದ ಸೂಪರ್‌ವೈಸರ್‌ಗಳು ಕೇಳಿದರು, ಶೆರಿಫ್ ಒಪ್ಪಲಿಲ್ಲ. ಚುನಾಯಿತರನ್ನು ತೆಗೆಯುವ ಅಧಿಕಾರ ಸೂಪರ್‌ವೈಸರ್‌ಗಳಿಗೆ ಇರಲಿಲ್ಲ. ಆ ಅಧಿಕಾರ ಕೊಡಿಸಲು 2025ರ ಮಾರ್ಚಿನಲ್ಲಿ ಬೇರೆ ಚುನಾವಣೆಯನ್ನೇ ನಡೆಸಬೇಕಾಯಿತು, ಕೊನೆಗೆ ತೆಗೆದದ್ದು ಅಕ್ಟೋಬರಿನಲ್ಲಿ. ಅಷ್ಟು ದಿನ ಸ್ಯಾನ್ ಕಾರ್ಲೋಸ್, ಮಿಲ್‌ಬ್ರೇ ಜನ ದುಡ್ಡು ಕಟ್ಟುತ್ತಾ ಕಾಯುವುದೇ ಆಯಿತು. ಸಾಂಟಾ ಕ್ಲಾರಾ ಕೌಂಟಿಯಲ್ಲೂ 2022ರಲ್ಲಿ, 1998ರಲ್ಲಿ ಗೆದ್ದು ಬಂದಿದ್ದ ಶೆರಿಫ್ ತಮ್ಮ ಮೇಲಿನ ಆರೋಪಗಳ ವಿಚಾರಣೆ ಮುಗಿಯುವ ಹೊತ್ತಿಗೆ ರಾಜೀನಾಮೆ ಕೊಟ್ಟರು. ಕುಪರ್ಟಿನೊ ಕೌನ್ಸಿಲ್‌ಗೆ ಅದರಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ.

ಹಾಗಾದರೆ ನಿಮ್ಮ ಅಭಿಪ್ರಾಯ ಏನು ಅಂತ ಕೇಳುತ್ತೀರಿ. ಹೇಳುತ್ತೇನೆ. ಕುಪರ್ಟಿನೊ, ಸರಟೋಗ ಥರ ಮೊದಲಿಂದಲೂ ಶೆರಿಫ್ ಜೊತೆ ಇರುವ ಊರು ಹಾಗೇ ಇರಲಿ, ಗುತ್ತಿಗೆಯನ್ನು ಬಿಗಿ ಮಾಡಿಕೊಂಡರೆ ಸಾಕು. ಐದಾರು ಸಾವಿರ ಜನರ ಊರು, ರಾತ್ರಿ ಪಾಳಿಗೆ ಒಬ್ಬರೇ ಪೊಲೀಸ್, ಹಿಂದೆ ಸಹಾಯಕ್ಕೆ ಯಾರೂ ಇಲ್ಲ ಅನ್ನುವ ಸ್ಥಿತಿ ಇದ್ದರೆ ಶೆರಿಫ್‌ಗೆ ಕೊಡುವುದೇ ಒಳ್ಳೆಯದು. ಆದರೆ ನಡೆಯುತ್ತಿರುವ ಒಂದು ಇಲಾಖೆಯನ್ನು ಎರಡು ವರ್ಷ ಬಜೆಟ್ ಕೆಟ್ಟಿತು ಅಂತ ಮುಚ್ಚಬಾರದು. ಯಾಕಂದರೆ ವಾಪಸ್ ಬರುವ ದಾರಿ ಇಲ್ಲದಂತೆಯೇ. ಕಾಂಪ್ಟನ್ ಅನ್ನುವ ಊರು 2000ದಲ್ಲಿ ತನ್ನ ಇಲಾಖೆ ಮುಚ್ಚಿ ಲಾಸ್ ಏಂಜಲೀಸ್ ಶೆರಿಫ್ ಕಡೆ ಹೋಯಿತು. ಹತ್ತು ವರ್ಷದ ಮೇಲೆ ಮತ್ತೆ ಕಟ್ಟೋಣ ಅಂತ ಹೊರಟು, ದುಡ್ಡಿಲ್ಲದೆ ಕೈಬಿಟ್ಟಿತು. ಕೊಟ್ಟ ದುಡ್ಡಿಗೆ ತಕ್ಕಷ್ಟು ನಿಮಿಷ ಗಸ್ತು ಸಿಗುತ್ತಿಲ್ಲ ಅಂತ 2022ರಲ್ಲಿ ಕೋರ್ಟಿಗೂ ಹೋಯಿತು. ಹೌದು, ಅಲ್ಲಿ ಗಸ್ತನ್ನು ನಿಮಿಷದ ಲೆಕ್ಕದಲ್ಲಿ ಅಳೆಯುತ್ತಾರೆ. ಠಾಣೆ ಕಟ್ಟಡ ಬೇರೆ ಕೆಲಸಕ್ಕೆ ಹೋಗಿರುತ್ತದೆ, ಪಳಗಿದ ಜನ ಚದುರಿಹೋಗಿರುತ್ತಾರೆ. ಮುಚ್ಚುವುದಕ್ಕೆ ಒಂದು ರಾತ್ರಿಯ ವೋಟು ಸಾಕು, ಮತ್ತೆ ಕಟ್ಟುವುದಕ್ಕೆ ಎಷ್ಟೋ ವರ್ಷ ಬೇಕು.

ಈಗ ನೀವು ಮಾಡಬಹುದಾದದ್ದು. ಮನೆ ಬಾಡಿಗೆಗೆ ಹಿಡಿದ ವಾರವೇ ನಿಮ್ಮ ವಿಳಾಸಕ್ಕೆ ಯಾವ ಪೊಲೀಸ್ ಅಂತ ತಿಳಿದುಕೊಳ್ಳಿ. ಅಂಚೆ ವಿಳಾಸದಲ್ಲಿರುವ ಊರಿನ ಹೆಸರು ನಂಬಬೇಡಿ. ಎಮರಾಲ್ಡ್ ಹಿಲ್ಸ್‌ನ ಮನೆಗಳಿಗೆ ರೆಡ್‌ವುಡ್ ಸಿಟಿ ಅಂತ ವಿಳಾಸ ಇರುತ್ತದೆ, ಆದರೆ ಅದು ಸಿಟಿ ಒಳಗಿಲ್ಲ, ಬರುವವರು ಶೆರಿಫ್. ಅವಸರಕ್ಕೆ ಎಲ್ಲಿದ್ದರೂ 911, ಮೊದಲು ವಿಳಾಸ, ಆಮೇಲೆ ಏನಾಯಿತು ಅನ್ನುವುದು. ಅವಸರ ಇಲ್ಲದ್ದಕ್ಕೆ ಬೇರೆ ನಂಬರ್ ಇರುತ್ತದೆ, ಫ್ರಿಜ್ ಮೇಲೆ ಬರೆದು ಅಂಟಿಸಿ, ಅತ್ತೆ ಮಾವ ಬಂದಾಗ ಅವರಿಗೂ ತೋರಿಸಿ. ವೀಸಾ ವಿಷಯ ತೆಗೆದಾರು ಅಂತ ಹೆದರಿ ದೂರು ಕೊಡದೆ ಕೂರಬೇಡಿ. 2018ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನಿನಂತೆ ಇಲ್ಲಿನ ಸಿಟಿ ಪೊಲೀಸರಾಗಲಿ ಶೆರಿಫ್ ಕಡೆಯವರಾಗಲಿ ನಿಮ್ಮ ವಲಸೆ ಸ್ಥಿತಿ ಕೇಳುವಂತಿಲ್ಲ. ಒಡವೆಗಳ ಫೋಟೊ, ತೂಕ, ರಸೀದಿ ಇವತ್ತೇ ಒಂದು ಕಡೆ ಸೇರಿಸಿಡಿ. ಹಬ್ಬದ ಮಾರನೇ ದಿನವೇ ಲಾಕರಿಗೆ.

ನಮಗೆ ವೋಟಿಲ್ಲ, ನಾವ್ಯಾಕೆ ಮಾತಾಡಬೇಕು ಅನ್ನುವವರು ಬಹಳ. ವೋಟಿಲ್ಲದಿದ್ದರೂ ಬಾಯಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಆಕ್ಟ್ ಅಂತ ಕಾನೂನಿದೆ. ಸಿಟಿ ಕೌನ್ಸಿಲ್ ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಹಾಕಬೇಕು, ಬಂದ ಯಾರಿಗಾದರೂ ಮಾತಾಡಲು ಬಿಡಬೇಕು. ಸಿಟಿಜನ್ ಆಗಿರಬೇಕಿಲ್ಲ, ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಸಾಮಾನ್ಯವಾಗಿ ಎರಡು ಮೂರು ನಿಮಿಷ ಕೊಡುತ್ತಾರೆ. ನಾನು ಮೊದಲ ಸಲ ಎದ್ದು ನಿಂತಾಗ ಕೈಯಲ್ಲಿದ್ದ ಚೀಟಿ ನಡುಗುತ್ತಿತ್ತು. ಮಾತಾಡುವ ಸಮಯ ತೋರಿಸುವ ಹಸಿರು ದೀಪ ಹಳದಿ ಆಗುವುದರೊಳಗೆ ಒಂದೇ ಪ್ರಶ್ನೆ ಕೇಳಿದೆ: ನಮ್ಮ ಬೀದಿಗೆ ಬರುವ ಡೆಪ್ಯುಟಿ ಎಷ್ಟು ದಿನ ಇಲ್ಲೇ ಇರುತ್ತಾರೆ ಅನ್ನುವುದು ಗುತ್ತಿಗೆಯಲ್ಲಿ ಇದೆಯಾ? ಇರಲಿಲ್ಲ. ಕೌನ್ಸಿಲ್‌ನ ಒಬ್ಬ ಹೆಂಗಸು ಅದನ್ನು ಬರೆದುಕೊಂಡರು.

ನೀವೂ ಅಂಥದ್ದನ್ನೇ ಕೇಳಿ. ಎಷ್ಟು ಡೆಪ್ಯುಟಿಗಳು ನಮ್ಮ ಊರಿಗೇ ಮೀಸಲು, ಎಷ್ಟು ಜನ ಪಕ್ಕದ ಊರಿಗೂ ಓಡುತ್ತಾರೆ? ಚೀಫ್ ಜಾಗದಲ್ಲಿ ಕೂರುವ ಕ್ಯಾಪ್ಟನ್ ಆರಿಸುವಾಗ ಊರಿನ ಮಾತು ನಡೆಯುತ್ತದಾ? ವರ್ಷಕ್ಕೆ ಎಷ್ಟರವರೆಗೆ ರೇಟು ಏರಿಸಬಹುದು? ಗುತ್ತಿಗೆ ಬಿಡಬೇಕಾದರೆ ಎಷ್ಟು ತಿಂಗಳ ನೋಟಿಸ್, ಕಾರುಗಳು ಯಾರಿಗೆ ಸೇರುತ್ತವೆ? ಗುತ್ತಿಗೆ ಪತ್ರ ಬೇಕು ಅಂತ ಸಿಟಿ ಕ್ಲರ್ಕ್‌ಗೆ ಒಂದು ಮೇಲ್ ಹಾಕಿ, ಅದು ಸಾರ್ವಜನಿಕ ದಾಖಲೆ, ಕೊಡುತ್ತಾರೆ.

ಇಲ್ಲಿನ ಸಿಟಿಗಳ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಅಂದರೆ ಪೊಲೀಸ್ ಖರ್ಚಿನ ಚರ್ಚೆ ಮೇ, ಜೂನ್ ಸಭೆಗಳಲ್ಲಿ ನಡೆಯುತ್ತದೆ. ಊರಿಗೆ ಹೋಗುವ ಟಿಕೆಟ್ ಜೂನ್ ಕೊನೆಗೆ ಇದ್ದರೆ ಅದಕ್ಕೆ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಹೇಳಿ, ನಾನೂ ಬರುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ.